ಒಪ್ಪಿಕೊಳ್ಳುವ ಅಭ್ಯಾಸ

ಸಮನ್ಸ್ ಬಂದಾಗ ಡ್ರೈಕ್ಲೀನಿಂಗ್ ಅಂಗಡಿಯ ಯಜಮಾನ ಯಾರದೋ ಸೂಟಿನ ತೋಳಿಗೆ ಆವಿ ಹಿಡಿಯುತ್ತಿದ್ದ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಸಹಿ ಹಾಕಿ, ನಿಂತಲ್ಲೇ ಓದಿದ. ಎಂದೋ ಎರಡು ಬಾಗಿಲಿನ ಫ್ರಿಜ್ಜಿಗೆಂದು ಅವನು ಸಾಲ ಪಡೆದಿದ್ದನಂತೆ. ಕೊಟ್ಟವರು ಆ ಸಾಲವನ್ನು ಬೇರೊಂದು ಕಂಪನಿಗೆ ಮಾರಿದ್ದರಂತೆ. ಕೊಂಡವರು ಈಗ ಬಡ್ಡಿ ಸಮೇತ ವಸೂಲಿಗೆ ದಾವೆ ಹೂಡಿದ್ದರು. ಗಡುವಿನೊಳಗೆ ಉತ್ತರ ಕೊಡದಿದ್ದರೆ ತೀರ್ಪು ಅವನ ವಿರುದ್ಧವಾಗುತ್ತದೆ, ಅಂಗಡಿಯ ಯಂತ್ರಗಳು ಜಪ್ತಿಯಾಗಬಹುದು. ಆ ಎರಡು ಕಂಪನಿಗಳ ಹೆಸರನ್ನೂ ಅವನು ಕನಸಿನಲ್ಲಿ ಕೂಡ ಕೇಳಿರಲಿಲ್ಲ.

ಗಲ್ಲಾದಲ್ಲಿ ಕೂತಿದ್ದ ಹೆಂಡತಿ ಕನ್ನಡಕ ಏರಿಸಿಕೊಂಡು ನೋಡಿದಳು.

"ಎರಡು ಬಾಗಿಲಿಂದಾ? ಯಾರ ಮನೆಗೆ ಕೊಡಿಸಿದ್ರಿ?"

ನಗುವಷ್ಟು ತ್ರಾಣ ಅವನಲ್ಲಿರಲಿಲ್ಲ. ಮರುದಿನದಿಂದ ಕಂಪನಿಯವನೊಬ್ಬ ಫೋನಿನಲ್ಲಿ ಜೇನು ಸುರಿಸತೊಡಗಿದ. ಈಗ ಒಂದಿಷ್ಟು ಕಟ್ಟಿದರೆ ಉಳಿದದ್ದನ್ನು ನಿಧಾನವಾಗಿ ನೋಡೋಣ ಎನ್ನುತ್ತಿದ್ದ. ವಾರ ಕಳೆಯುವುದರೊಳಗೆ ಹೆಂಡತಿಯೂ ಕಟ್ಟಿ ಕೈತೊಳೆದುಕೊಳ್ಳೋಣ ಎಂದಳು. ಅವನಿಗೋ ತನ್ನ ನೆನಪಿನ ಮೇಲೆಯೇ ನಂಬಿಕೆ ಸಡಿಲವಾಗಿತ್ತು.

ಆ ಅಂಗಡಿಗೆ, ಅವನ ಮಾವನ ಕಾಲದಿಂದಲೂ, ಒಂದು ಪದ್ಧತಿಯಿತ್ತು. ಗಿರಾಕಿ ಬಟ್ಟೆಯ ಮೇಲೆ ಕಲೆ ತೋರಿಸಿದರೆ, ಅದು ಬಟ್ಟೆಯ ಜೊತೆಗೇ ಬಂದದ್ದಾದರೂ ವಾದಿಸಕೂಡದು. ತಪ್ಪು ನಮ್ಮದೆಂದು ಚೀಟಿ ಬರೆದುಕೊಟ್ಟು ಮತ್ತೆ ತೊಳೆಯಬೇಕು. ಜಗಳವಾಡಿ ಗಿರಾಕಿಯನ್ನು ಕಳೆದುಕೊಳ್ಳುವುದಕ್ಕಿಂತ ಇನ್ನೊಮ್ಮೆ ತೊಳೆಯುವುದು ಅಗ್ಗ. ಬರೆದೂ ಬರೆದೂ ಆ ವಾಕ್ಯ ಅವನ ಕೈಗೇ ಬಾಯಿಪಾಠವಾಗಿತ್ತು. ಒಂದು ಮಧ್ಯಾಹ್ನ ಕೌಂಟರಿನ ಮೇಲೆಯೇ ಅವನು ನ್ಯಾಯಾಲಯಕ್ಕೆ ಉತ್ತರ ಬರೆದ. ಈ ಸಾಲ ನೆನಪಿಲ್ಲ. ಆದರೂ ನಮ್ಮಿಂದ ತಪ್ಪಾಗಿದ್ದಲ್ಲಿ ಕ್ಷಮಿಸಬೇಕು, ಸರಿಪಡಿಸಿಕೊಡುತ್ತೇವೆ.

ಅಂಗಡಿಯಲ್ಲಿ ಗಿರಾಕಿಗಳನ್ನು ಅವರ ಬಟ್ಟೆಯಿಂದಲೇ ಕರೆಯುವ ರೂಢಿ. ಕೋಟು ಒಯ್ಯಲು ಬಂದ ಕರಿಕೋಟಮ್ಮ ಆ ಊರಿನ ವಕೀಲೆ. ಅವಳು ಆ ಹಾಳೆಯನ್ನು ಓದಿ, ಕೋಟನ್ನು ಕೌಂಟರಿನ ಮೇಲೆ ಇಟ್ಟಳು.

"ಇದನ್ನ ಕೊಟ್ರೆ ನಿಮ್ಮ ಕಥೆ ಮುಗೀತು ಅಣ್ಣ. ಸಾಲ ನಂದೇ ಅಂತ ನೀವೇ ಬರ್ಕೊಟ್ಟ ಹಾಗೆ."

"ಮರ್ಯಾದೆಗೆ ಅಂತ ಬರೆದದ್ದಮ್ಮ."

"ಕೋರ್ಟು ನಿಮ್ಮ ಗಿರಾಕಿ ಅಲ್ಲ."

ಒಂದು ಕಾಸು ಕಟ್ಟಿದರೂ ಒಪ್ಪಿಕೊಂಡಂತೆಯೇ ಎಂದು ಅವಳು ದಂಪತಿಗಳಿಬ್ಬರಿಗೂ ಬಿಡಿಸಿ ಹೇಳಿದಳು. ಹೊಸ ಉತ್ತರವನ್ನು ತಾನೇ ಹೇಳಿ ಬರೆಸಿದಳು: ಈ ಸಾಲ ನನ್ನದಲ್ಲ, ನಿರಾಕರಿಸುತ್ತೇನೆ, ನನ್ನ ಸಹಿಯಿರುವ ಮೂಲ ಕರಾರನ್ನು ಹಾಜರುಪಡಿಸಲಿ. "ಅಲ್ಲ" ಎಂಬಲ್ಲಿಗೆ ಬಂದಾಗ ಅವನ ಪೆನ್ನು, ಗೊತ್ತಿಲ್ಲದ ಬೀದಿಗೆ ಬಂದ ಮುದುಕನಂತೆ, ಸ್ವಲ್ಪ ಹೊತ್ತು ನಿಂತಿತು.

ವಿಚಾರಣೆಯ ದಿನ ಬೆಳಗಿನಿಂದ ಕಾರಿಡಾರಿನ ಬೆಂಚು. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಊಟದ ಹೊತ್ತು ಮೀರಿದ ಮೇಲೆ, ಕರಿಕೋಟಮ್ಮ ಬೇರೊಂದು ಕೇಸಿಗೆಂದು ಒಳಗೆ ಹೋಗಿದ್ದಾಗ, ಕಂಪನಿಯ ವಕೀಲ ಬಂದು ಪಕ್ಕದಲ್ಲಿ ಕೂತ. ಮಗನ ವಯಸ್ಸು, ಕಣ್ಣಲ್ಲಿ ನಿದ್ದೆ.

"ಇಲ್ಲೇ ಮುಗಿಸಿಬಿಡೋಣ ಸಾರ್. ನೀವೂ ಸುಸ್ತಾಗಿದ್ದೀರಿ, ನಾನೂ ಸುಸ್ತಾಗಿದ್ದೀನಿ. ಅರ್ಧ ಕಟ್ಟಿ, ಒಂದು ಸಹಿ ಹಾಕಿ ಮನೆಗೆ ಹೋಗಿ."

ಮನೆಗೆ ಎಂಬ ಮಾತು ಹಾಸಿದ ಹಾಸಿಗೆಯ ಹಾಗೆ ಎದುರಿಗೆ ಬಿದ್ದಿತು. ಆಗಲಿ ಎಂಬುದು ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಒಳಗಿನಿಂದ ಅವನ ಹೆಸರು ಕೂಗಿದರು.

ಸಾಲ ನಿಮ್ಮದೇನು ಎಂದು ನ್ಯಾಯಾಧೀಶರು ತಲೆಯೆತ್ತದೆ ಕೇಳಿದರು. ಅವನು ಕಟಕಟೆಯ ಮರವನ್ನು ಹಿಡಿದುಕೊಂಡ.

"ಅಲ್ಲ ಸ್ವಾಮಿ. ನಂದಲ್ಲ."

ಕಂಪನಿಯ ಬಳಿ ಇದ್ದದ್ದು ಒಂದು ಹೆಸರು, ಒಂದು ಮೊತ್ತ, ಕಂಪ್ಯೂಟರಿನಿಂದ ತೆಗೆದ ಒಂದು ಹಾಳೆ. ಮೂಲ ಕರಾರು ತರಲು ಇನ್ನಷ್ಟು ಕಾಲಾವಕಾಶ ಬೇಕೆಂದರು. ಆಗಲೇ ಕೊಟ್ಟಾಗಿದೆ ಎಂದು ನ್ಯಾಯಾಧೀಶರು ಏನೋ ಬರೆಸಿ, ಮುಂದಿನ ಕಡತ ಎಳೆದುಕೊಂಡರು. ಅವನು ಏನೂ ಅರ್ಥವಾಗದೆ, ತನ್ನ ಪರವಾಗಿ ನಿಂತಿದ್ದ ಕರಿಕೋಟಮ್ಮನ ಮುಖ ನೋಡಿದ.

"ದಾವೆ ವಜಾ ಆಯ್ತು ಅಣ್ಣ. ಆ ಸಾಲ ತಗೊಂಡವನು, ನಿಮ್ಮದೇ ಹೆಸರಿನವನು ಇನ್ನೊಬ್ಬ ಎಲ್ಲೋ ಇರ್ಬೇಕು."

ಹೊರಗೆ ಬಂದು ಹೆಂಡತಿಗೆ ಫೋನು ಮಾಡಿದ. ಅತ್ತ ಕಡೆ ಒಂದು ದೀರ್ಘ ಉಸಿರು. ಆಮೇಲೆ, ಏನಾದರೂ ತಿಂದಿರಾ ಎಂಬ ಪ್ರಶ್ನೆ. ಹೂಂ ಎಂದ, ತಿಂದಿರಲಿಲ್ಲ.

ಗೆದ್ದ ಹಗುರ ಮೈಗೆ ಬರಲೇ ಇಲ್ಲ. ಮೆಟ್ಟಿಲ ಮೇಲೆ ಕೂತು ಅವನು ಆ ಇನ್ನೊಬ್ಬನನ್ನು ನೆನೆದ. ಅವನೂ ಈಗ ಎಲ್ಲೋ ಕೆಲಸ ಮುಗಿಸಿ ಚಪ್ಪಲಿ ಬಿಡುತ್ತಿರಬಹುದು. ತಾನು ನಿಜವನ್ನೇ ನುಡಿದದ್ದು. ಆದರೂ ನನ್ನದಲ್ಲ ಎಂದ ಆ ಗಳಿಗೆಯಲ್ಲಿ, ಮುಖವನ್ನೇ ಕಾಣದ ಒಬ್ಬನ ಮನೆಯತ್ತ ಬೆರಳು ತೋರಿದಂತಾಯಿತಲ್ಲ ಎನಿಸಿ, ಏಳಲು ಅವನಿಗೆ ಬಹಳ ಹೊತ್ತು ಹಿಡಿಯಿತು.