ಮೂವತ್ತೇಳು ಮನೆಯ ಚಕ್ರ

ಐದನೇ ಟೆಲಿಫೋನನ್ನು ಕಿವಿಗಿಟ್ಟರೆ ರೆಜಾನ್ ಸಕ್ಕರೆ ಕಡುಬು ಮಾಡುವ ಬಗೆ ಹೇಳುತ್ತಿದ್ದಳು. ಅವಳು ನಮ್ಮ ಪ್ರಯೋಗಾಲಯದ ಗುಮಾಸ್ತೆ. ಕೆಳಗಿನ ಕೋಣೆಯಲ್ಲಿ ಕೂತು ಪರೀಕ್ಷೆಗೆಂದು ಅಡುಗೆ ಪುಸ್ತಕ ಓದುತ್ತಿದ್ದಳು. ಅದೇನೂ ತಪ್ಪಲ್ಲ. ಆದರೆ ಅವಳು ಓದುತ್ತಿದ್ದುದು ಎರಡನೇ ಫೋನಿನಲ್ಲಿ. ಐದನೆಯದರಲ್ಲಿ ಅವಳ ದನಿ ಬರಲೇಬಾರದಿತ್ತು. ನಾನು ರಿಸೀವರನ್ನು ಕುಕ್ಕಿದೆ.

ವಿಷಯ ಇಷ್ಟೇ. ಕೂದಲಿನಷ್ಟು ತೆಳುವಾದ ಒಂದೇ ಒಂದು ಗಾಜಿನ ಎಳೆ. ಅದರ ಮೇಲೆ ಆರು ಜನ ಒಟ್ಟಿಗೆ ಮಾತಾಡಬೇಕು. ಈಗ ನಿನ್ನ ಸರದಿ, ಆಮೇಲೆ ನನ್ನ ಸರದಿ ಎಂದು ಯಾರೂ ಕಾಯುವ ಹಾಗಿಲ್ಲ. ಅದಕ್ಕಾಗಿ ಪ್ರತಿಯೊಬ್ಬರಿಗೂ ಒಂದೊಂದು ತಾಳ ಕೊಟ್ಟಿದ್ದೆವು. ಮೂವತ್ತೆಂಟು ಮನೆಗಳ ಒಂದು ಸುತ್ತು. ಅದರಲ್ಲಿ ಮೂರೇ ಮೂರು ಮನೆಗಳಲ್ಲಿ ಬೆಳಕು ಮಿನುಗುತ್ತದೆ, ಉಳಿದವೆಲ್ಲ ಕತ್ತಲು. ಯಾವ ಮೂರು ಎನ್ನುವುದೇ ಆ ಫೋನಿನ ಗುರುತು. ಕೇಳುವ ಕಡೆ ಆ ಮೂರೂ ಮಿನುಗು ಒಟ್ಟಿಗೆ ಬಿದ್ದರೆ ಅದು ನಿಮ್ಮ ಮಾತು, ಇಲ್ಲದಿದ್ದರೆ ಪರರ ಗದ್ದಲ. ಎರಡು ತಾಳಗಳು ಹೇಗೆ ಹಿಂದೆ ಮುಂದೆ ಜಾರಿದರೂ ಒಂದು ಮನೆಗಿಂತ ಹೆಚ್ಚು ತಾಗಬಾರದು. ಎರಡು ಕಡೆ ತಾಗಿದವೋ, ಮೂರನೆಯದನ್ನು ಯಾರೋ ದಾರಿಹೋಕನ ಮಿನುಗು ತುಂಬಿಬಿಡುತ್ತದೆ, ಪಕ್ಕದವರ ಕಡುಬು ನಿಮ್ಮ ಕಿವಿಗೆ ಬರುತ್ತದೆ.

ತಾಳ ಹುಡುಕುವುದು ಸೊಲಾಂಜ್ ಆರ್ಸೆನೊ ಎಂಬ ಹುಡುಗಿಯ ಕೆಲಸ. ದೂರದ ಒಂದು ದ್ವೀಪದವಳು, ಮೀನುಗಾರರ ಮಗಳು, ಡಾಕ್ಟರೇಟ್ ಮಾಡಲು ನಮ್ಮ ಕೆಬೆಕ್ಕಿಗೆ ಬಂದವಳು. ಆ ತಾಳವನ್ನು ಗಾಜಿನಲ್ಲಿ ಕೂರಿಸುವುದು ನನ್ನ ಕೆಲಸ. ಒಂದು ಮನೆಯಷ್ಟು ತಡಕ್ಕೆ ಇಪ್ಪತ್ತು ಸೆಂಟಿಮೀಟರ್ ಎಳೆ. ಬೆಳಕನ್ನು ಮೂರು ಕವಲು ಮಾಡಿ, ಒಂದನ್ನು ನೇರ ಬಿಟ್ಟು, ಇನ್ನೆರಡನ್ನು ಬೇಕಾದಷ್ಟು ಸುತ್ತಿಸಿ ತಡಮಾಡಿ, ಮತ್ತೆ ಕೂಡಿಸಬೇಕು. ಸುಲಿಯುವುದು, ಕತ್ತರಿಸುವುದು, ತುದಿಗೆ ತುದಿ ಹಿಡಿದು ಕಿಡಿಯಲ್ಲಿ ಬೆಸೆಯುವುದು. ಹನ್ನೊಂದು ವರ್ಷದಿಂದ ಅದನ್ನೇ ಮಾಡಿದ್ದೇನೆ. ಈ ಕ್ಲೆಮಾನ್ಸ್ ಪೆಲ್ತಿಯೆ ಬೆಸೆದ ಕಡೆ ಬೆಳಕು ಎಡವುವುದಿಲ್ಲ ಎಂದು ಮಾಂಟ್ರಿಯಲ್‌ನವರೂ ಒಪ್ಪುತ್ತಾರೆ.

ಒಪ್ಪದವರು ಒಬ್ಬರೇ, ನಮ್ಮ ಪ್ರೊಫೆಸರ್ ವೆಝಿನಾ. ಮೂರು ವಾರದಲ್ಲಿ ಸೊಲಾಂಜ್ ನಾಲ್ಕು ಸಲ ತಾಳ ಬದಲಿಸಿದಳು, ನಾನು ನಾಲ್ಕು ಸಲ ಕತ್ತರಿಸಿ ಬೆಸೆದೆ. ಒಂದು ಫೋನಿನ ದನಿ ಇನ್ನೊಂದರಲ್ಲಿ ಬರುವುದಕ್ಕೆ ನಾವು ದೆವ್ವ ಎನ್ನುತ್ತಿದ್ದೆವು; ಆ ದೆವ್ವ ಹೋಗಲಿಲ್ಲ. ಎರಡರಿಂದ ಐದಕ್ಕೆ ಬರುತ್ತಿದ್ದದ್ದು ಒಂದರಿಂದ ಮೂರಕ್ಕೆ ಹೋಯಿತು, ನಾಲ್ಕರಿಂದ ಆರಕ್ಕೆ ಹಾರಿತು, ತಿರುಗಿ ಐದಕ್ಕೇ ಬಂತು. ಪ್ರತಿ ಸಲವೂ ಸೊಲಾಂಜಳ ಪಟ್ಟಿಯಲ್ಲಿ ಎಲ್ಲೋ ಒಂದು ಕಡೆ ಎರಡು ತಾಳಗಳು ಎರಡೆರಡು ಮನೆ ತಾಗುತ್ತಿದ್ದವು. ಕಂಪ್ಯೂಟರಿಗೆ ಅದಕ್ಕಿಂತ ಒಳ್ಳೆಯದು ಸಿಕ್ಕಿರಲಿಲ್ಲ. ಅಷ್ಟಕ್ಕೆಲ್ಲ ದೆವ್ವ ಬರುವುದಿಲ್ಲ ಎಂದು ವೆಝಿನಾ ಲೆಕ್ಕ ಹಾಕಿ ತೋರಿಸಿದ್ದರು. ಅವರ ಪ್ರಕಾರ, ಬೆಸುಗೆಗಳೆಲ್ಲ ಒಂದೇ ಸಮ ಇದ್ದಿದ್ದರೆ ಎರಡು ಮಿನುಗನ್ನು ಯಂತ್ರ ಮೂರು ಎಂದು ನಂಬುತ್ತಿರಲಿಲ್ಲ.

ಸೋಮವಾರ ಅವರು ನನ್ನನ್ನು ಕರೆಸಿದರು. ಶುಕ್ರವಾರ ಒಟ್ಟಾವದಿಂದ ನಮಗೆ ಹಣ ಕೊಡುವ ಸಮಿತಿ ಬರುವುದಿತ್ತು. ಆರು ಫೋನು ಶುದ್ಧವಾಗಿ ಮಾತಾಡಿದರೆ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ಇಲ್ಲ.

"ಮದಾಮ್ ಪೆಲ್ತಿಯೆ, ಬೇಜಾರು ಮಾಡ್ಕೋಬೇಡಿ. ಐವತ್ತು ದಾಟಿದ್ಮೇಲೆ ಕೈ ಸ್ವಲ್ಪ ನಡುಗುತ್ತೆ, ಅದೇನ್ ತಪ್ಪಲ್ಲ. ಶುಕ್ರವಾರ ಸರಿಹೋಗ್ಲಿಲ್ಲ ಅಂದ್ರೆ ಮಾಂಟ್ರಿಯಲ್‌ನಿಂದ ಒಬ್ಬರನ್ನ ಕರೆಸ್ತೀನಿ. ನೀವು ಸ್ಟೋರ್ ನೋಡ್ಕೊಳಿ."

ಸ್ಟೋರ್ ಎಂದರೆ ನೆಲಮಾಳಿಗೆಯಲ್ಲಿ ಕೂತು ಸ್ಕ್ರೂ ಎಣಿಸುವುದು. ಪ್ರತಿ ಬೆಸುಗೆಯ ಅಳತೆಯನ್ನೂ ನಾನು ಬರೆದಿಟ್ಟಿದ್ದೆ, ಪುಸ್ತಕವನ್ನು ಅವರ ಮೇಜಿನ ಮೇಲಿಟ್ಟೆ. ಅವರು ತೆರೆಯಲೂ ಇಲ್ಲ. ಸಿಟ್ಟು ಬಂದರೆ ಇಗರ್ಜಿಯ ಪಾತ್ರೆಪಡಗಗಳ ಹೆಸರು ಹಿಡಿದು ಬೈಯುವುದು ನಮ್ಮ ಕಡೆಯ ರೂಢಿ. ನಾನು ಮೆಟ್ಟಿಲಿಳಿಯುತ್ತ ಪೂಜೆಯ ಬಟ್ಟಲಿನಿಂದ ಶುರುಮಾಡಿ ಪೀಠದವರೆಗೂ ಬೈದೆ. ಕೈ ನಡುಗುತ್ತಿದ್ದುದು ಆಗ, ಅದಕ್ಕೆ ಮುಂಚೆ ಅಲ್ಲ.

ಬುಧವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಬಟಾಣಿ ಸೂಪು ಮುಂದಿಟ್ಟುಕೊಂಡು ಸೊಲಾಂಜಳನ್ನು ಹಿಡಿದು ಕೂರಿಸಿದೆ. ನನ್ನ ಕೈಯ ಕೆಲಸ ಹೋಗುವುದಾದರೆ ಯಾವ ಕಾರಣಕ್ಕೆ ಹೋಗುತ್ತದೆ ಎಂದಾದರೂ ತಿಳಿಯಬೇಕಲ್ಲ. ಈ ತಾಳಗಳನ್ನು ಹೇಗೆ ಹುಡುಕುತ್ತೀಯ, ಕಂಪ್ಯೂಟರ್ ಬಿಟ್ಟು ಹೇಳು ಎಂದೆ. ಅವಳು ಮೂರು ದಿನದಿಂದ ನಿದ್ದೆ ಬಿಟ್ಟವಳ ಹಾಗೆ ಕಾಣುತ್ತಿದ್ದಳು, ಆದರೂ ಚಮಚ ಕೆಳಗಿಟ್ಟು ಹೇಳಿದಳು.

ಚಕ್ರದ ಮೇಲೆ ಮೂರು ಮನೆ ಆರಿಸಿದರೆ ಅವುಗಳ ನಡುವೆ ಮೂರು ದೂರಗಳು ಹುಟ್ಟುತ್ತವೆ. ಹತ್ತಿರದ ಕಡೆಯಿಂದ ಎಣಿಸಿದರೆ ದೂರ ಒಂದರಿಂದ ಹತ್ತೊಂಬತ್ತರವರೆಗೆ ಇರಬಹುದು. ಹತ್ತೊಂಬತ್ತು ಸರಿಯಾಗಿ ಎದುರುಬದುರು, ಅದು ತನಗೆ ತಾನೇ ತಾಗುತ್ತದೆ, ಆದ್ದರಿಂದ ಬಿಡಬೇಕು. ಒಂದು ದೂರ ಎರಡು ಸಲ ಬಂದರೆ ಎರಡು ತಾಳಗಳು ಎರಡು ಕಡೆ ತಾಗುತ್ತವೆ. ಆರು ತಾಳ, ಮೂರು ಮೂರು ದೂರ, ಒಟ್ಟು ಹದಿನೆಂಟು. ಒಂದರಿಂದ ಹದಿನೆಂಟರವರೆಗಿನ ಪ್ರತಿ ಸಂಖ್ಯೆಯೂ ಸರಿಯಾಗಿ ಒಂದೊಂದು ಸಲ ಬರಬೇಕು.

"ಅಂದ್ರೆ ಇಸ್ಪೀಟಾಟ ಕಣೇ ಇದು," ಎಂದೆ.

ಚೀಟಿ ಹರಿದು ಒಂದರಿಂದ ಹದಿನೆಂಟು ಬರೆದೆ. ಮೂರು ಮೂರರ ಆರು ಗುಡ್ಡೆ ಮಾಡಬೇಕು. ಪ್ರತಿ ಗುಡ್ಡೆಯಲ್ಲಿ ಎರಡು ಚೀಟಿ ಕೂಡಿದರೆ ಮೂರನೆಯದು ಬರಬೇಕು, ಇಲ್ಲವೇ ಮೂರೂ ಕೂಡಿ ಮೂವತ್ತೆಂಟಾಗಿ ಚಕ್ರ ಒಂದು ಸುತ್ತು ಮುಗಿಸಬೇಕು. ನಾನು ಐದನೇ ವಯಸ್ಸಿನಿಂದ ಅಪ್ಪನ ಜೊತೆ ಇಸ್ಪೀಟಿನಲ್ಲಿ ಹದಿನೈದು ಕೂಡಿಸುತ್ತ ಬೆಳೆದವಳು, ಇದಕ್ಕೆ ಕಂಪ್ಯೂಟರ್ ಬೇಕೆ? ಒಂದು, ಎಂಟು, ಒಂಬತ್ತು. ಆರು, ಏಳು, ಹದಿಮೂರು. ನಾಲ್ಕು, ಹನ್ನೆರಡು, ಹದಿನಾರು. ಐದು, ಹತ್ತು, ಹದಿನೈದು. ಮೂರು, ಹನ್ನೊಂದು, ಹದಿನಾಲ್ಕು. ಚಟಪಟನೆ ಐದು ಗುಡ್ಡೆ ಕೂತವು. ಎರಡು, ಹದಿನೇಳು, ಹದಿನೆಂಟು ಉಳಿದವು. ಕೂಡಿದರೆ ಮೂವತ್ತೇಳು. ಒಂದೇ ಒಂದು ಕಡಿಮೆ.

ಎಲ್ಲ ಕೆಡಿಸಿ ಮತ್ತೆ ಆಡಿದೆ. ಮತ್ತೆ ಕೊನೆಯ ಗುಡ್ಡೆ ಕೈಕೊಟ್ಟಿತು. ನಾಲ್ಕನೇ ಸಲ ಸೂಪು ಆರಿ ಕೆನೆಗಟ್ಟಿತ್ತು, ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಗ ಕೂತ ಗುಡ್ಡೆಗಳನ್ನೇ ದಿಟ್ಟಿಸಿದೆ. ಕೂತ ಗುಡ್ಡೆ ಯಾವುದನ್ನು ನೋಡಿದರೂ ಅದರಲ್ಲಿ ಬೆಸಸಂಖ್ಯೆ ಎರಡು ಇರುತ್ತಿತ್ತು, ಇಲ್ಲವೇ ಒಂದೂ ಇರುತ್ತಿರಲಿಲ್ಲ. ಒಂಟಿಯಾಗಿ ಎಲ್ಲೂ ಇಲ್ಲ.

"ಮಗಳೇ, ಒಂದರಿಂದ ಹದಿನೆಂಟರೊಳಗೆ ಬೆಸ ಎಷ್ಟಿದಾವೆ?"

"ಒಂಬತ್ತು," ಎಂದಳು ಸೊಲಾಂಜ್, ತಟ್ಟೆಯಿಂದ ತಲೆ ಎತ್ತದೆ.

"ಒಂಬತ್ತು ಕೈಗವಸು ಕೊಟ್ಟು ಜೋಡಿ ಮಾಡು ಅಂದ್ರೆ ಮಾಡ್ತೀಯಾ?"

ಅವಳ ತಲೆ ನಿಧಾನವಾಗಿ ಮೇಲೆ ಬಂತು. ಚೀಟಿಗಳನ್ನು ನೋಡಿದಳು, ನನ್ನನ್ನು ನೋಡಿದಳು. ಕೈ ಒರೆಸುವ ಕಾಗದದ ಮೇಲೆ ಎರಡು ಸಾಲು ಗೀಚಿದಳು. ಎರಡು ಕೂಡಿ ಮೂರನೆಯದಾಗಲಿ, ಮೂರೂ ಕೂಡಿ ಮೂವತ್ತೆಂಟಾಗಲಿ, ಬೆಸಗಳು ಜೋಡಿಯಾಗಿಯೇ ಬರಬೇಕು. ಒಂಬತ್ತು ಎಂದೂ ಜೋಡಿಯಾಗುವುದಿಲ್ಲ. ಮೂರು ವಾರ ಕಂಪ್ಯೂಟರ್ ಹಗಲಿರುಳು ಹುಡುಕಿದ್ದು ಇಲ್ಲದ ವಸ್ತುವನ್ನು. ಇನ್ನು ನೂರು ವರ್ಷ ಹುಡುಕಿದರೂ ಒಂದು ಕಡೆ ತಾಗಲೇಬೇಕು, ದೆವ್ವ ಯಾವುದಾದರೂ ಫೋನಿನಲ್ಲಿ ಕೂರಲೇಬೇಕು.

ನನಗೆ ಎದ್ದು ಕುಣಿಯಬೇಕೆನಿಸಿತು. ತಪ್ಪು ನನ್ನ ಕೈಯದಲ್ಲ, ಚಕ್ರದ್ದು! ಆದರೆ ಸೊಲಾಂಜಳ ಕಣ್ಣಲ್ಲಿ ನೀರು ತುಂಬಿತ್ತು. ಆರು ಫೋನು ಸಾಧ್ಯವಿಲ್ಲ ಎಂದು ಸಾಧಿಸಿದರೆ ಅವಳ ನಾಲ್ಕು ವರ್ಷದ ಕೆಲಸ ಶುಕ್ರವಾರಕ್ಕೆ ಮುಗಿಯಿತು. ಮನೆ ಹೆಚ್ಚಿಸುವಂತೆಯೂ ಇರಲಿಲ್ಲ. ಮೂವತ್ತೆಂಟಕ್ಕಿಂತ ಒಂದು ಹೆಚ್ಚಿದರೂ ಸಮಿತಿ ಕೇಳಿದ ವೇಗ ಸಿಗುವುದಿಲ್ಲ. ಎಷ್ಟು ಜಾಗ ಸಿಗುತ್ತದೋ ಅಷ್ಟನ್ನೂ ಬಳಸೋಣ ಎಂದು ವೆಝಿನಾ ಮೂವತ್ತೆಂಟು ಮಾಡಿದ್ದರು. ಈ ಕಸುಬಿನವರೆಲ್ಲ ಹಾಗೆಯೇ, ಸಿಕ್ಕ ಜಾಗ ಬಿಡುವವರಲ್ಲ.

ನಾನು ಮೊದಲಿನ ಐದು ಗುಡ್ಡೆಗಳನ್ನು ಮತ್ತೆ ಜೋಡಿಸಿದೆ, ಸುಮ್ಮನೆ, ಕೈಗೆ ಕೆಲಸ ಬೇಕಿತ್ತು. ಕೊನೆಯ ಮೂರನ್ನು ಅವಳ ಮುಂದೆ ತಳ್ಳಿದೆ. "ನೋಡು ಇದನ್ನ. ಒಂದೇ ಒಂದು ಕಮ್ಮಿ. ಚಕ್ರಾನೇ ಒಂದು ಮನೆ ಚಿಕ್ಕದಿದ್ದಿದ್ರೆ ಕೂತ್ಬಿಡ್ತಿತ್ತು."

ಸೊಲಾಂಜಳ ಕೈಯಲ್ಲಿದ್ದ ಬ್ರೆಡ್ಡು ಸೂಪಿಗೆ ಬಿತ್ತು. ಮೂವತ್ತೇಳು ಬೆಸಸಂಖ್ಯೆ; ಒಂದು ಗುಡ್ಡೆ ಮೂವತ್ತೇಳಾದರೆ ಅದರಲ್ಲಿ ಒಂಟಿ ಬೆಸವೊಂದು ಕೂರಬಹುದು. ಹದಿನೇಳು ಅಲ್ಲಿ ಕೂತಿತು, ಉಳಿದ ಎಂಟೂ ಜೋಡಿಯಾದವು. ಮೂವತ್ತೇಳರ ಚಕ್ರದಲ್ಲಿ ದೂರಗಳು ಒಂದರಿಂದ ಹದಿನೆಂಟೇ, ಬಿಡಬೇಕಾದದ್ದು ಒಂದೂ ಇಲ್ಲ. ಹದಿನೆಂಟಕ್ಕೆ ಹದಿನೆಂಟೂ ಮೇಜಿನ ಮೇಲೆ ಕೂತಿದ್ದವು. ಅವಳು ನನ್ನ ಕೆನ್ನೆಗೆ ಎರಡು ಮುತ್ತು ಕೊಟ್ಟು, ಚೀಟಿಗಳನ್ನು ಟ್ರೇಯ ಮೇಲೆ ಹಾಗೆಯೇ ಜಾರಿಸಿಕೊಂಡು, ಉಸಿರು ಬಿಗಿಹಿಡಿದು ಮೆಟ್ಟಿಲು ಹತ್ತಿದಳು. ನಾನು ಮುಂದೆ ಓಡಿ ಬಾಗಿಲು ತೆರೆದೆ. ಯಂತ್ರಗಳ ಫ್ಯಾನಿನ ಗಾಳಿ ಬಡಿದರೂ ಸಾಕು, ಎಲ್ಲ ಹಾರಿಹೋಗುತ್ತಿತ್ತು.

ವೆಝಿನಾ ನಗಲಿಲ್ಲ, ಬೈಯಲೂ ಇಲ್ಲ.

"ಜಾಗ ಸಾಲ್ತಿಲ್ಲ ಅಂತ ಇರೋ ಜಾಗಾನೂ ಕಮ್ಮಿ ಮಾಡೋದಾ?" ಎಂದರು.

ಮೂವತ್ತೆಂಟರಲ್ಲಿ ನೀವೇ ಕೂರಿಸಿ ನೋಡಿ ಎಂದು ಸೊಲಾಂಜ್ ಚೀಟಿ ಕೊಟ್ಟಳು. ಅವರು ಕೂರಿಸತೊಡಗಿದರು. ಇಡೀ ಆಯಸ್ಸು ರೇಡಿಯೋ ಅಲೆಗಳ ಕೆಲಸದಲ್ಲಿ ಕಳೆದ ಮನುಷ್ಯ. ಅಲ್ಲಿ ಕೂಡಿಸಿ ಕಳೆದು ಗದ್ದಲವನ್ನು ಸೊನ್ನೆ ಮಾಡಬಹುದು. ಬೆಳಕು ಕಳೆಯುವುದಿಲ್ಲ, ಕೂಡುತ್ತಲೇ ಹೋಗುತ್ತದೆ. ನಾವಿಬ್ಬರೂ ಗೋಡೆಗೆ ಒರಗಿ ನಿಂತು ನೋಡಿದೆವು. ಐದು ಗುಡ್ಡೆ ಕೂರಿಸುವರು, ಆರನೆಯದಕ್ಕೆ ತಲೆ ಕೆರೆಯುವರು. ಕಾಲು ಗಂಟೆಯ ಮೇಲೆ ಸೊಲಾಂಜ್ ಕೈಗವಸಿನ ಮಾತು ಹೇಳಿದಳು. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಕತ್ತರಿಸಿ," ಎಂದರು. ನನ್ನ ಮುಖ ನೋಡಿ ಅಲ್ಲ, ಚೀಟಿಗಳ ಕಡೆ ನೋಡಿ.

ಗುರುವಾರ ನಲವತ್ತೆಂಟು ಬೆಸುಗೆ. ಬೆಳಿಗ್ಗೆ ಏಳಕ್ಕೆ ಕೂತೆ. ಸೊಲಾಂಜ್ ಉದ್ದ ಅಳೆದು ಕೊಟ್ಟಳು, ನಾನು ಸುಲಿದು ಬೆಸೆದೆ. ಮಧ್ಯಾಹ್ನಕ್ಕೆ ರೆಜಾನ್ ಮಾಂಸದ ಕಡುಬು ತಂದು ನನ್ನ ಬಾಯಿಗೇ ಇಟ್ಟಳು, ಕೈ ಬಿಡುವಿರಲಿಲ್ಲ. ನನ್ನ ಕೈ ಅಷ್ಟು ಸಂತೋಷದಲ್ಲಿ ಯಾವತ್ತೂ ಓಡಿರಲಿಲ್ಲ. ಸಂಜೆ ಐದೂವರೆಗೆ ಕೊನೆಯ ಕಿಡಿ ಹಾರಿತು. ಸೊಲಾಂಜ್ ಸುತ್ತಿನ ಮನೆಗಳನ್ನು ಎಣಿಸುವ ಗಡಿಯಾರದ ಪೆಟ್ಟಿಗೆಯನ್ನು ಮೂವತ್ತೇಳಕ್ಕೆ ತಿರುಗಿಸಿದಳು. ಲೇಸರ್ ಪೆಟ್ಟಿಗೆಯೊಂದು ಅಷ್ಟರಲ್ಲಿ ಕೆಟ್ಟು, ಅದನ್ನು ರಿಪೇರಿ ಮಾಡುವ ಹೊತ್ತಿಗೆ ಕಟ್ಟಡ ಮುಚ್ಚುವ ಗಂಟೆ ಹೊಡೆಯಿತು. ಆರನ್ನೂ ಒಟ್ಟಿಗೆ ಪರೀಕ್ಷಿಸದೆಯೇ ಮನೆಗೆ ಹೋದೆವು.

ಶುಕ್ರವಾರ ಹತ್ತಕ್ಕೆ ಸಮಿತಿಯ ಮೂವರು ಬಂದರು. ಮಾತಾಡುವ ಆರು ಜನ ಕೆಳಗೆ, ಕೇಳುವ ಆರು ಜನ ಮೇಲಿನ ಆರು ಕೋಣೆಗಳಲ್ಲಿ. ಮರುಮಾತಿಗೆ ಮಾತ್ರ ಹಳೆಯ ತಾಮ್ರದ ತಂತಿ. ನನ್ನನ್ನು ಐದನೆಯದಕ್ಕೆ ಕೂರಿಸಿದರು. ಪಕ್ಕದಲ್ಲಿ ಸಮಿತಿಯ ಮದಾಮ್ ಕೊವಾಲ್ಚುಕ್, ತೊಡೆಯ ಮೇಲೆ ಕಾಗದದ ಹಲಗೆ, ಬೆರಳಲ್ಲಿ ಪೆನ್ಸಿಲು. ಕೇಳಿದವಳು ಏನೆನ್ನುತ್ತಾಳೋ ಅದನ್ನೇ ಬರೆಯುವುದು ಅವರ ಕ್ರಮ.

ಮೊದಲು ಒಬ್ಬೊಬ್ಬರಾಗಿ, ಆಮೇಲೆ ಆರೂ ಜನ ಒಟ್ಟಿಗೆ. ನಾನು ರಿಸೀವರನ್ನು ಕಿವಿ ನೋಯುವಷ್ಟು ಒತ್ತಿ ಹಿಡಿದೆ. ಆಗೊಮ್ಮೆ ಈಗೊಮ್ಮೆ ಚಟ್ ಎಂಬ ಸಣ್ಣ ಸದ್ದು ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಕಡುಬಿಲ್ಲ, ರೆಜಾನ್ ಇಲ್ಲ, ಬೇರೆ ಯಾರೂ ಇಲ್ಲ. ಐದನೆಯದರಲ್ಲಿ ಹವಾಮಾನ ಓದಬೇಕಾಗಿದ್ದವರು ವೆಝಿನಾ. ಅವರ ದನಿಯೊಂದೇ, ಪಕ್ಕದಲ್ಲಿ ಕೂತ ಹಾಗೆ. ಹಿಮ, ಹದಿನೆಂಟು ಸೆಂಟಿಮೀಟರ್, ವಾಯವ್ಯದ ಗಾಳಿ. ನಗು ತಡೆಯಲಾಗುತ್ತಿರಲಿಲ್ಲ.

ನಡುವೆ ಅವರ ಓದು ನಿಂತಿತು.

"ಮದಾಮ್ ಪೆಲ್ತಿಯೆ, ನಿಮ್ಮ ಪುಸ್ತಕ ನಿನ್ನೆ ನೋಡ್ದೆ. ಒಂದು ಬೆಸುಗೆನೂ ಕೆಟ್ಟಿರ್ಲಿಲ್ಲ. ಕೆಟ್ಟಿದ್ದು ನನ್ನ ಲೆಕ್ಕ. ನಿಮ್ಮ ಕೈ ಬಗ್ಗೆ ಹಾಗೆ ಅನ್ನಬಾರದಿತ್ತು."

ನನ್ನ ಬಾಯಿ ನನ್ನನ್ನು ಕೇಳದೆಯೇ ತೆರೆಯಿತು.

"ಸರಿಯಾಗಿ ಕೇಳಿಸ್ಲಿಲ್ಲ ಸಾರ್. ಇನ್ನೊಂದ್ಸಲ ಹೇಳಿ."

ಪಕ್ಕದಲ್ಲಿ ಪೆನ್ಸಿಲು ಕಾಗದದ ಮೇಲೆ ಓಡಿತು. ಮದಾಮ್ ಕೊವಾಲ್ಚುಕ್ ಐದನೇ ಸಾಲಿನಲ್ಲಿ ಏನೋ ಬರೆಯುತ್ತಿದ್ದರು. ಕೇಳಿಸಲಿಲ್ಲ ಎಂದು ಬರೆದರೆ ನಮ್ಮೆಲ್ಲರ ಕೆಲಸವೂ ಮುಗಿಯಿತು. ಅತ್ತ ವೆಝಿನಾ, ಪಾಪ, ಅದೇ ಮಾತನ್ನು ಮೊದಲಿನಿಂದ, ಇನ್ನೂ ಜೋರಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಿದ್ದರು. ನಾನು ಪೂರ್ತಿ ಕೇಳಿದೆ. ಆಮೇಲೆ ರಿಸೀವರಿಗೆ ಅಂಗೈ ಮುಚ್ಚಿ ಆಕೆಯ ಕಡೆ ತಿರುಗಿದೆ.

"ಅದನ್ನ ಹೊಡೆದ್ಹಾಕಿ, ಮದಾಮ್. ಮೊದಲನೇ ಸಲಾನೇ ಚೆನ್ನಾಗಿ ಕೇಳಿಸ್ತು."

"ಮತ್ಯಾಕೆ ಕೇಳಿಸ್ಲಿಲ್ಲ ಅಂದ್ರಿ?"

"ಹನ್ನೊಂದು ವರ್ಷದಲ್ಲಿ ಅವರು ಹೀಗಂದಿದ್ದು ಇದೇ ಮೊದಲು. ಎರಡು ಸಲ ಕೇಳ್ಬೇಕು ಅನ್ನಿಸ್ತು."

ಆಕೆ ಬರೆದದ್ದನ್ನು ಹೊಡೆದು ಹಾಕಿ, ಐದನೇ ಫೋನು ಸ್ಪಷ್ಟ ಎಂದು ಬರೆದು, ಕೆಳಗೆ ಗೆರೆ ಎಳೆದರು.