ಇನ್ನೊಂದು ಓವರು

ಟೀಮಿನ ಮ್ಯಾನೇಜರು ಮೈದಾನದ ನಡುವಿಗೆ ನಡೆದು ಬಂದು ಅಂಗೈ ಚಾಚಿದ. ನಾಗಾರ್ಜುನ ಅದರ ಮೇಲೆ ಚೆಂಡಿಟ್ಟು ತಲೆ ತಗ್ಗಿಸಿ ಹೊರನಡೆದ. ಬೆಂಚುಗಳ ಸಾಲಿನಲ್ಲಿ ಅವನ ಅಜ್ಜಿ ಮರಿತಾಯಮ್ಮ ಒಬ್ಬರೇ ಎದ್ದು ನಿಂತು ಚಪ್ಪಾಳೆ ಹೊಡೆದರು.

ಪಾಪ, ಅಜ್ಜಿಯದೇನು ತಪ್ಪು? ಮಂಡ್ಯದಿಂದ ಅಮೆರಿಕದ ಲಿವರ್‌ಮೋರಿಗೆ ಬಂದು ತಿಂಗಳಾಗಿತ್ತಷ್ಟೆ. ಊರಲ್ಲಿ ಟೀವಿ ಮುಂದೆ ಕೂತು ಕ್ರಿಕೆಟ್ಟನ್ನು ಅರೆದು ಕುಡಿದವರು. ಬೌಲರು ಓವರು ಮುಗಿಸಿದ, ಚೆಂಡು ಇನ್ನೊಬ್ಬನ ಕೈಗೆ ಹೋಯಿತು, ಇದರಲ್ಲಿ ತಲೆ ತಗ್ಗಿಸುವಂಥದ್ದೇನಿದೆ? ಬೇಸ್‌ಬಾಲಿನಲ್ಲಿ ಚೆಂಡೆಸೆಯುವ ಪಿಚರನ್ನು ಒಮ್ಮೆ ಇಳಿಸಿದರೆ ಆ ಆಟಕ್ಕೆ ಮತ್ತೆ ಕರೆಯುವುದಿಲ್ಲ ಅಂತ ಅವರಿಗೆ ಯಾರು ಹೇಳಬೇಕು? ಈ ಆಟದ ಮೇಲಿನ ಸಿಟ್ಟಿಗೆ ಮಗನ ಜೊತೆ ಮಾತು ಬಿಟ್ಟಿದ್ದ ನಾಗಾರ್ಜುನನ ಅಪ್ಪ ಜಯರಾಮ್, ಹೆಂಡತಿಯ ಜೊತೆ ಪಕ್ಕದೂರು ಡ್ಯಾನ್‌ವಿಲ್‌ನಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದ.

ನಾಗಾರ್ಜುನ ಈ ಸಣ್ಣ ಲೀಗಿನಲ್ಲಿ ಸಂಬಳಕ್ಕೆ ಆಡಲು ಶುರುಮಾಡಿದ್ದು ಮೊನ್ನೆ ಮೇ ತಿಂಗಳಲ್ಲಿ. ಇವತ್ತೂ ಆಟ ಕೆಟ್ಟರೆ ಮನೆಗೆ ಹೋಗು ಎಂದು ಮ್ಯಾನೇಜರು ಬೆಳಗ್ಗೆಯೇ ಹೇಳಿದ್ದ. ನಾಲ್ಕು ಚೆಂಡು ಗುರಿ ತಪ್ಪಿದರೆ ಎದುರಾಳಿಗೆ ಮೊದಲ ಬೇಸು, ಅಂದರೆ ರನ್ನಿನ ಹಾದಿಯ ಮೊದಲ ನಿಲ್ದಾಣ, ಪುಕ್ಕಟೆ. ಇವತ್ತು ಅವನ ಎಸೆತಗಳು ಗುರಿ ತಪ್ಪುತ್ತಲೇ ಹೋಗಿ, ಎದುರಾಳಿಗಳು ಒಬ್ಬರ ಹಿಂದೊಬ್ಬರು, ಬ್ಯಾಟ್ ಬೀಸದೆಯೇ ಅಲ್ಲಿ ಹೋಗಿ ನಿಂತರು. ಅವನು ಚೆಂಡು ಕೊಟ್ಟು ಒಳಗೆ ಹೋದಾಗ ಜರ್ಸಿ ಬಿಚ್ಚಿಸಿಕೊಂಡು, ಕೈ ಕುಲುಕಿ ಕಳಿಸಿಬಿಟ್ಟರು. ಜೊತೆಯವರು ಯಾರೂ ಅವನ ಮುಖ ನೋಡಲಿಲ್ಲ.

ಬ್ಯಾಗು ಹೊತ್ತು ಅಜ್ಜಿಯ ಹತ್ತಿರ ಬಂದ.

"ಬಟ್ಟೆ ಯಾಕ್ಲಾ ಬಿಚ್ದೆ? ಇನ್ನೊಂದ್ ಓವರು ಕೊಡಾಕಿಲ್ವಾ?"

"ಇಲ್ಲ ಅಜ್ಜಿ. ಐ ಆಮ್ ಡನ್. ಟೀಮಿಂದ ತೆಗೆದ್ರು."

"ಯಾವ ಮುಟ್ಠಾಳ ತೆಗೀತಾನ್ಲಾ? ಒಬ್ನೂ ನಿನ್ ಬಾಲ್ ಮುಟ್ನಿಲ್ಲ, ನಾನೇ ನೋಡ್ದೆ! ಕಷ್ಟ ಬಂದಾಗ ಕರೀತಾನೆ, ಕುಂತ್ಕೊ ಮಗ."

ಅವನಿಗೆ ನಗು ಬಂತು. ಬಿಡಿಸಿ ಹೇಳುವಷ್ಟು ಕನ್ನಡ ಅವನಿಗೆ ಬರುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಹೇಳಿಕೊಳ್ಳೋಣವೆಂದರೆ ಕೇಳುವವರಿರಲಿಲ್ಲ. ಅಜ್ಜಿ ಕೊಟ್ಟ ನಿಪ್ಪಟ್ಟು ಮುರಿಯುತ್ತಾ ಕೂತ.

ಹೊಸ ಪಿಚರಿಗೆ ಹೊಡೆತದ ಮೇಲೆ ಹೊಡೆತ ಬಿತ್ತು. ಮ್ಯಾನೇಜರು ಮತ್ತೆ ಮೈದಾನಕ್ಕಿಳಿದ. ಮರಿತಾಯಮ್ಮ ಸೆರಗು ಸಿಕ್ಕಿಸಿ ಎದ್ದವರೇ ಮೊಮ್ಮಗನನ್ನು ಎಬ್ಬಿಸಿ, ಅವನ ಬಲಗೈ ಹಿಡಿದು ಮೇಲೆತ್ತಿದರು.

"ಇಲ್ಲೇ ಅವ್ನೆ! ಏಯ್, ಇಲ್ಲೇ ಅವ್ನೆ ಕಣಪ್ಪಾ!"

ಸುತ್ತಲಿನವರು ತಿರುಗಿ ನೋಡಿದರು. ಮ್ಯಾನೇಜರು ಮಾತ್ರ, ಮೂಲೆಯಲ್ಲಿ ತಯಾರಾಗುತ್ತಿದ್ದ ಬೇರೊಬ್ಬನನ್ನು ಕೈಮಾಡಿ ಕರೆದ. ಅಜ್ಜಿ ಕೂಗುತ್ತಲೇ ಇದ್ದರು. ನಾಗಾರ್ಜುನ ಕೈ ಇಳಿಸಲಿಲ್ಲ.