ಫೋನಿನೊಳಗಿನ ಸೊಸೆ

ನನ್ನ ಹೆಂಡತಿ ವಾಷಿಂಗ್ ಮೆಷಿನ್ ಕಂಪನಿಯೊಂದರ ದೂರು ವಿಭಾಗದಲ್ಲಿದ್ದಳು. ಜನ ಫೋನಿನಲ್ಲಿ ಬಾಯಿಗೆ ಬಂದಂತೆ ಬೈಯುವುದು, ಇವಳು ಜೇನಿನಂಥ ದನಿಯಲ್ಲಿ "ತಪ್ಪು ನಮ್ಮದೇ, ಕ್ಷಮಿಸಿ" ಎನ್ನುವುದು, ಇದೇ ಕೆಲಸ. ಅದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅದಕ್ಕೇ ಕಂಪನಿಯವರು ಅವಳ ದನಿಯನ್ನು ತಿಂಗಳುಗಟ್ಟಲೆ ರೆಕಾರ್ಡ್ ಮಾಡಿ ಕಂಪ್ಯೂಟರಿಗೆ ಕಲಿಸಿದರು. ಅದು ಕಲಿತ ಮೇಲೆ ಇವಳ ಕೈಗೊಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು. ಅಷ್ಟು ಮರ್ಯಾದಸ್ಥರು.

ಆ ಕೆಲಸವೆಂದರೆ ಅವಳಿಗೆ ಪ್ರಾಣ. ಮತ್ತೆ ಕರೆದಾರು ಎಂದು ಬೆಳಗ್ಗೆಯೇ ತಲೆ ಬಾಚಿ, ಫೋನನ್ನು ಎದುರಿಗಿಟ್ಟುಕೊಂಡು ಕೂರುತ್ತಿದ್ದಳು. ಕರೆ ಬರಲಿಲ್ಲ. ಕೈ ಸುಮ್ಮನಿರಬೇಕಲ್ಲ? ಅಮ್ಮ ಜೋಡಿಸಿಟ್ಟ ಡಬ್ಬಿಗಳನ್ನು ಮತ್ತೆ ಜೋಡಿಸಿದಳು, ಅಮ್ಮ ಒರೆಸಿದ ನೆಲವನ್ನು ಮತ್ತೆ ಒರೆಸಿದಳು. ಊರವರ ಬೈಗುಳವನ್ನೆಲ್ಲ ನುಂಗಿದವಳಿಗೆ ಅತ್ತೆಯ ಒಂದು ಮಾತು ಮಾತ್ರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇದಕ್ಕೆ ಸಂಬಳವಿಲ್ಲವೆಂದೋ ಏನೋ. ನಾನಂತೂ ಇಬ್ಬರ ನಡುವೆ ಅಡಕತ್ತರಿಯಲ್ಲಿ ಸಿಕ್ಕಿಬಿದ್ದಿದ್ದೆ.

ಒಂದು ಮಧ್ಯಾಹ್ನ ಅಮ್ಮನ ಕೋಣೆಯ ಮುಚ್ಚಿದ ಬಾಗಿಲ ಹಿಂದಿನಿಂದ ಹೆಂಡತಿಯ ದನಿ ಕೇಳಿಸಿತು: "ನೀವು ಹೇಳೋದು ಸರಿ ಅಮ್ಮ. ನಿಮಗೆ ತುಂಬಾ ತೊಂದರೆ ಆಗಿದೆ. ತಪ್ಪು ನಮ್ಮದೇ."

ಅತ್ತೆ ಸೊಸೆ ರಾಜಿಯಾದರು! ನನಗೆ ಹೋದ ಜೀವ ಬಂದಂತಾಯಿತು. ಖುಷಿಯಿಂದ ತಿರುಗಿದರೆ, ಹೆಂಡತಿ ನನ್ನ ಬೆನ್ನ ಹಿಂದೆಯೇ ನೆಲ ಒರೆಸುವ ಬಟ್ಟೆ ಹಿಡಿದು ನಿಂತಿದ್ದಾಳೆ.

"ನಾನು ಇಲ್ಲಿದ್ದೀನಿ," ಎಂದಳು. "ಒಳಗೆ ಮಾತಾಡ್ತಿರೋದು ಕಂಪನಿ ಕಂಪ್ಯೂಟರ್."

ನಮ್ಮ ಮನೆಯ ಮೆಷಿನ್ ಚೆನ್ನಾಗಿಯೇ ಇತ್ತು. ಅಮ್ಮ ಕಂಪನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿಕೊಂಡು ದೂರುತ್ತಿದ್ದದ್ದು ಸೊಸೆಯ ಮೇಲೆ, ಸೊಸೆಯ ದನಿಯ ಹತ್ತಿರವೇ.

"ದಿನಾ ಡಬ್ಬಿ ಎಲ್ಲಾ ಕೆಳಗಿಳಿಸ್ತಾಳೆ ಕಣಮ್ಮ. ಒಂದು ಮಾತು ಅಂದ್ರೆ ಮುಖ ಊದಿಸ್ಕೋತಾಳೆ."

"ಕ್ಷಮಿಸಿ ಅಮ್ಮ. ಅದನ್ನ ವಾಪಸ್ ತಗೊಂಡು ಬೇರೆ ಕೊಡಬೇಕಾ?"

ಹೆಂಡತಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು.

"ಥೂ, ಬೇರೆ ಯಾಕೆ? ಇವಳೇ ಇರ್ಲಿ. ಇವಳ ಕೆಲಸ ಇವಳಿಗೆ ವಾಪಸ್ ಕೊಡಿ, ಅಷ್ಟು ಸಾಕು. ಆಗೆಲ್ಲಾ ಸಂಜೆ ನಗ್ತಾ ಮನೆಗೆ ಬರೋಳು. ಈಗ ಆ ಮುಖ ನೋಡಿದ್ರೆ ಕರುಳು ಚುರ್ ಅನ್ನುತ್ತೆ."

ಹೆಂಡತಿ ಉಸಿರು ಬಿಗಿಹಿಡಿದಳು. ನಾನೂ ಹಿಡಿದೆ. ಕಂಪ್ಯೂಟರಿನ ಹತ್ತಿರ ಅದರದೇ ಕೆಲಸವನ್ನು ಬೇಡಿ, ಉತ್ತರಕ್ಕೆ ಕಿವಿಗೊಟ್ಟು ನಿಲ್ಲುವಷ್ಟು ಪೆದ್ದರಾಗಿದ್ದೆವು ನಾವು ಮೂವರೂ.

"ಕ್ಷಮಿಸಿ ಅಮ್ಮ," ಎಂದಿತು ನನ್ನ ಹೆಂಡತಿಯ ದನಿ, ಅಷ್ಟೇ ಅಕ್ಕರೆಯಿಂದ. "ಆ ಕೆಲಸಕ್ಕೆ ಈಗ ಯಾರೂ ಬೇಕಾಗಿಲ್ಲ. ಬೇರೆ ಏನಾದ್ರೂ ಸಹಾಯ ಮಾಡಲಾ?"